ಕುಸುಗಲ್ಲಿನ ಅಮೇರಿಕನ್ ಪ್ಲಾಂಟರರೂ ಸುಳ್ಳದ ಸೀಮೆಯ ಒಕ್ಕಲು ಮನೆತನಗಳೂ

೧

ಧಾರವಾಡ ಜಿಲ್ಲೆಯ ಹುಬ್ಬಳ್ಳಿ ತಾಲ್ಲೂಕಿನಲ್ಲಿ ಸುಳ್ಳ, ಕುಸುಗಲ್ಲ ಮೊದಲಾದ ಊರುಗಳು ಎರೆನೆಲದ ಸೀಮೆಗೆ ಸೇರಿದವು. ಇಲ್ಲಿಯ ಕರಿಮಣ್ಣು ಹಿಂಗಾರಿಯ ಜೋಳಕ್ಕೂ ಹತ್ತಿಗೂ ಹೆಸರಾದುದು. ಕ್ರಿ. ಶ. ೧೮೪೨ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯವರು ಕುಸುಗಲ್ಲಿನಲ್ಲಿ ಹತ್ತಿಯ ಪ್ರಯೋಗಕ್ಷೇತ್ರವೊಂದನ್ನು ತೆರೆದು ಅದನ್ನು ಮರ್ಸರ್ ಎಂಬ ಅಮೇರಿಕನ್ ಪ್ಲಾಂಟರನ ವಶಕ್ಕೆ ಕೊಟ್ಟರು. ಪ್ಲಾಂಟರನೆಂದರೆ ಬರಿಯ ಬೇಸಾಯಗಾರನಲ್ಲ. ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ ವಿಸ್ತಾರವಾದ ಭೂಮಿಯನ್ನು ಹೊಂದಿ, ಗುಲಾಮರ ದುಡಿಮೆಯಿಂದ ಹತ್ತಿ, ಹೊಗೆಸೊಪ್ಪು, ಬತ್ತ ಮುಂತಾದ ಮಾರಾಟದ ಬೆಳೆಗಳನ್ನು ತೆಗೆಯುತ್ತಿದ್ದ ಭೂಮಾಲಿಕರ ವರ್ಗಕ್ಕೆ ಆ ಹೆಸರು ಸಲ್ಲುತ್ತಿದ್ದಿತು.

ಈ ಸೀಮೆಯ ಇತಿಹಾಸವನ್ನು ಬರೆಯಲು ಹೊರಡುವವರಿಗೆ ಮರ್ಸರನ ಹೆಸರು ಮುದ್ರಿತ ಗ್ರಂಥಗಳಲ್ಲಿಯೇ ದೊರೆಯುತ್ತದೆ. ಅಮೇರಿಕೆಯ ಬೀಜವನ್ನು ತಮ್ಮ ಹೊಲಗಳಲ್ಲಿ ಬಿತ್ತಿ, ವರ್ಷದಿಂದ ವರ್ಷಕ್ಕೆ ಅದನ್ನು ಕಾಯ್ದುಕೊಂಡು ಬಂದ ಒಕ್ಕಲಿಗರಾದರೋ ಆ ಗ್ರಂಥಗಳಲ್ಲಿ 'ರೈತರು' ಎಂಬ ಒಂದೇ ಮಾತಿನಲ್ಲಿ ಬಹುಮಟ್ಟಿಗೆ ಅಡಗಿಹೋಗಿದ್ದಾರೆ. ಆದುದರಿಂದ ಅವರು ಇತಿಹಾಸವಿಲ್ಲದವರೆಂದು ತಿಳಿಯಲಾಗದು. ಅವರ ಸಮಾಚಾರವು ಬೇರೊಂದು ಬಗೆಯ ದಾಖಲೆಗಳಲ್ಲಿ ಹುದುಗಿದೆ. ಯಾವ ದಾಖಲೆಯೇ ಆಗಲಿ, ಅದನ್ನು ಬರೆಯಿಸಿದವರಿಗೆ ಬೇಕಾಗಿದ್ದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಮನೆತನಗಳ ಚರಿತ್ರೆಯನ್ನು ಶೋಧಿಸುವವರು ಮೊದಲು ಗಮನಿಸಬೇಕಾದ ಸಂಗತಿ ಇದು.

೨

ಅಮೇರಿಕೆಯ ಪ್ಲಾಂಟರ್ ಮನೆತನವೊಂದರ ವಂಶಾವಳಿಯನ್ನು ಕಟ್ಟುವ ಕ್ರಮವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುವುದು. ಅಲ್ಲಿಯ ಸಂಶೋಧಕರಿಗೆ ಮುಖ್ಯವಾದ ಆಧಾರಗಳು ಭೂಮಿಯ ಕ್ರಯಪತ್ರಗಳು, ಮರಣಶಾಸನಗಳು, ಸತ್ತವನ ಆಸ್ತಿಯ ಯಾದಿಗಳು, ತೆರಿಗೆಯ ಪಟ್ಟಿಗಳು, ಇಗರ್ಜಿಯ ಜನನ ವಿವಾಹಗಳ ಪುಸ್ತಕಗಳು. ೧೭೯೦ರಲ್ಲಿ ನಡೆದ ಮೊದಲನೆಯ ಜನಗಣತಿಯಲ್ಲಿ ಕುಟುಂಬದ ಯಜಮಾನನ ಹೆಸರನ್ನು ಮಾತ್ರ ಬರೆದು ಉಳಿದವರನ್ನು ಸಂಖ್ಯೆಯಿಂದ ಸೂಚಿಸಿದರು. ಯಜಮಾನನಿಗೆ ಭೂಮಿಯೂ ವ್ಯಾಜ್ಯವೂ ವಾರಸುದಾರರೂ ಇದ್ದುದರಿಂದ, ನ್ಯಾಯಸ್ಥಾನದ ಕಡತಗಳು ಸುಟ್ಟು ಹೋಗದಿರುವ ಕಡೆಗಳಲ್ಲಿ ಅಂತಹ ಮನೆತನದ ಐದಾರು ತಲೆಮಾರುಗಳನ್ನು ಗೊತ್ತುಮಾಡುವುದು ಅಷ್ಟು ಕಷ್ಟವಲ್ಲ.

ಅದೇ ಹೊಲದಲ್ಲಿ ಹತ್ತಿ ಬಿಡಿಸಿದವರ ಸ್ಥಿತಿಯೇ ಬೇರೆ. ೧೮೫೦ ಮತ್ತು ೧೮೬೦ರ ಗಣತಿಗಳಲ್ಲಿ ಗುಲಾಮರಿಗಾಗಿ ಪ್ರತ್ಯೇಕ ಪಟ್ಟಿಗಳನ್ನು ಮಾಡಿದರು. ಅವುಗಳಲ್ಲಿ ಒಡೆಯನ ಹೆಸರು ಇರುತ್ತದೆ. ಅದರ ಕೆಳಗೆ ಒಬ್ಬೊಬ್ಬ ಗುಲಾಮನ ವಯಸ್ಸು, ಲಿಂಗ, ಮೈಬಣ್ಣಗಳಿರುತ್ತವೆ, ಸಾಮಾನ್ಯವಾಗಿ ಹೆಸರಿರುವುದಿಲ್ಲ. ಗುಲಾಮಗಿರಿಯು ನಿಂತ ಮೇಲೆ ೧೮೭೦ರ ಗಣತಿಯಲ್ಲಿ ಅವರೆಲ್ಲರ ಹೆಸರುಗಳು ಮೊದಲ ಬಾರಿಗೆ ಬರೆಯಲ್ಪಟ್ಟವು. ಅದಕ್ಕಿಂತ ಹಿಂದಿನದನ್ನು ಹುಡುಕುವವರು ಒಡೆಯನ ಕಾಗದಗಳನ್ನೇ ತೆರೆಯಬೇಕಾಗುತ್ತದೆ. ಅವನ ಆಸ್ತಿಯ ಯಾದಿಯಲ್ಲಿ ದನಕರುಗಳ ಮಗ್ಗುಲಲ್ಲಿ ಬೆಲೆಸಹಿತವಾಗಿ ಬರೆದ ಒಂಟಿ ಹೆಸರುಗಳಿಂದ ಅವರ ಪೂರ್ವಿಕರನ್ನು ಗುರುತಿಸಬೇಕಾಗುತ್ತದೆ. ಹೀಗೆ ಒಂದೇ ಕಾಗದವು ಒಂದು ಮನೆತನದ ವೈಭವಕ್ಕೂ ಇನ್ನೊಂದು ಮನೆತನದ ಅಸ್ತಿತ್ವಕ್ಕೂ ಸಾಕ್ಷಿಯಾಗುತ್ತದೆ.

೩

ಇಂತಹ ವರ್ಗದವರು ಕರ್ಣಾಟಕದ ಎರೆನೆಲಕ್ಕೆ ಬಂದ ಕಾರಣವು ಲಂಕಾಶೈರಿನ ಗಿರಣಿಗಳ ಹಸಿವು. ಆ ಗಿರಣಿಗಳು ಅಮೇರಿಕೆಯ ಹತ್ತಿಯೊಂದನ್ನೇ ನೆಚ್ಚಿಕೊಂಡಿದ್ದುದರಿಂದ ಹಿಂದೂಸ್ಥಾನದಲ್ಲಿಯೂ ಅದೇ ಜಾತಿಯನ್ನು ಬೆಳೆಯಿಸಬೇಕೆಂಬ ಪ್ರಯತ್ನ ನಡೆಯಿತು. ೧೮೪೦ರಲ್ಲಿ ಕ್ಯಾಪ್ಟನ್ ಬೇಲ್ಸ್ ಎಂಬ ಅಧಿಕಾರಿಯು ಅಮೇರಿಕೆಯ ದಕ್ಷಿಣ ಸಂಸ್ಥಾನಗಳಿಂದ ಹತ್ತು ಮಂದಿ ಪ್ಲಾಂಟರರನ್ನು ಕರೆತಂದನು. ಬಂಗಾಲ, ಮದರಾಸು, ಮುಂಬಯಿ ಈ ಮೂರು ಇಲಾಖೆಗಳಿಗೂ ಅವರನ್ನು ಹಂಚಿಕೊಟ್ಟರು. ಬೇರೆ ಅನೇಕ ಕಡೆಗಳಲ್ಲಿ ಈ ಕಾರ್ಯವು ಕೈಗೂಡಲಿಲ್ಲ. ಧಾರವಾಡ ಪ್ರಾಂತದಲ್ಲಿ ಮಾತ್ರ ನ್ಯೂ ಆರ್ಲಿಯನ್ಸಿನ ಬೀಜವು ನೆಲೆಯೂರಿತು. ಮುಂಗಾರಿನ ಕೊನೆಯ ಮಳೆಯೂ ಹಿಂಗಾರಿನ ಮಳೆಯೂ ಎರಡೂ ಈ ಪ್ರಾಂತಕ್ಕೆ ಒದಗುವುದು ಅದಕ್ಕೆ ಮುಖ್ಯ ಕಾರಣ. ಶ್ರಾವಣ ಭಾದ್ರಪದಗಳಲ್ಲಿ ಬಿತ್ತಿದ ಹತ್ತಿಯು ಹಿಂಗಾರಿನ ಹಸಿಯಿಂದ ಬೆಳೆದು ಬೇಸಗೆಯ ಮೊದಲಲ್ಲಿ ಕೈಗೆ ಬರುತ್ತದೆ.

ಪ್ರಯೋಗಕ್ಷೇತ್ರದ ವಿಷಯದಲ್ಲಿ ಮರ್ಸರನೇ ಕೊಟ್ಟ ಅಭಿಪ್ರಾಯವು ಗಮನಾರ್ಹವಾದುದು. ಕೆಲವು ವರ್ಷಗಳ ಅನುಭವದ ಮೇಲೆ ಅವನು, ಇಂತಹ ಕ್ಷೇತ್ರಗಳಿಂದ ಸರಕಾರಕ್ಕೆ ವ್ಯರ್ಥವಾದ ವೆಚ್ಚವೇ ಹೊರತು ಪ್ರಯೋಜನವಿಲ್ಲವೆಂದೂ, ಅಮೇರಿಕೆಯ ಬೇಸಾಯಕ್ರಮವು ಈ ದೇಶಕ್ಕೆ ಒಗ್ಗದೆಂದೂ, ನೆಲ ಹವೆಗಳನ್ನು ಬಲ್ಲ ಇಲ್ಲಿಯ ಜನರು ಯಾವ ಐರೋಪ್ಯನಿಗಿಂತಲೂ ಚೆನ್ನಾಗಿ, ಕಡಿಮೆ ವೆಚ್ಚದಲ್ಲಿ ಬೆಳೆಯಬಲ್ಲರೆಂದೂ ತಿಳಿಸಿದನು. ಕಲಿಸಲು ಬಂದವನು ಕಲಿತು ಹೋದನೆಂಬುದೇ ಇದರ ತಾತ್ಪರ್ಯ. ಅನಂತರ ಆ ಹತ್ತಿಯು 'ಧಾರವಾಡ ಅಮೇರಿಕನ್' ಎಂಬ ಹೆಸರಿನಿಂದ ಪೇಟೆಗಳಲ್ಲಿ ಪ್ರಸಿದ್ಧವಾಯಿತು. ರೈತರು ಅದನ್ನು ವಿಲಾಯತಿ ಹತ್ತಿಯೆಂದೂ ತಮ್ಮ ಹಳೆಯ ಜಾತಿಯನ್ನು ಜವಾರಿ ಹತ್ತಿಯೆಂದೂ ಕರೆದರು. ಜವಾರಿ ಹತ್ತಿಯು ಕುಮಟೆಯ ಬಂದರದಿಂದ ಹೊರಹೋಗುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ 'ಕುಮಟಾ' ಎಂಬ ಹೆಸರು ನಿಂತಿತು.

ಈ ಬದಲಾವಣೆಯು ಹೊಲದಲ್ಲಷ್ಟೇ ನಿಲ್ಲಲಿಲ್ಲ, ಮನೆಗೂ ಮುಟ್ಟಿತು. ಜವಾರಿ ಹತ್ತಿಯನ್ನು ಕಲ್ಲಿನ ಮೇಲಿಟ್ಟು, ಕಬ್ಬಿಣದ ಸಣ್ಣ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಹೆಂಗಸರು ಬೀಜ ಬೇರ್ಪಡಿಸುತ್ತಿದ್ದರು. ವಿಲಾಯತಿ ಹತ್ತಿಯ ಬೀಜಕ್ಕೆ ನವಿರು ಅಂಟಿಕೊಂಡಿರುವುದರಿಂದ ಆ ಸಾಧನವು ನಡೆಯದೆ, ಗರಗಸದ ಹಲ್ಲುಗಳುಳ್ಳ ಜಿನ್ನುಗಳು ಬೇಕಾದವು. ಅವುಗಳ ತಯಾರಿಕೆಗೂ ದುರಸ್ತಿಗೂ ಧಾರವಾಡದಲ್ಲಿ ಸರಕಾರದ ಕಾರಖಾನೆಯೊಂದು ನಡೆಯಿತು. ೧೮೬೧ರಿಂದ ೧೮೬೫ರವರೆಗಿನ ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ವಿಪರೀತವಾಗಿ ಏರಿದಾಗ ಎರಡು ಜಾತಿಗಳನ್ನು ಬೆರಸಿ ಮಾರುವ ಮೋಸವೂ ಹೆಚ್ಚಿತು. ಅದನ್ನು ತಡೆಯಲು ಮುಂಬಯಿ ಸರಕಾರವು ೧೮೬೩ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು.

ರಾಯಲ್ ಎಂಬವನ ೧೮೫೧ರ ಗ್ರಂಥ, ಕ್ಯಾಸೆಲ್ಸ್ ಎಂಬವನ ೧೮೬೨ರ ಗ್ರಂಥ, ಜಾನ್ ಬ್ರೈಟನ ಅಧ್ಯಕ್ಷತೆಯಲ್ಲಿ ೧೮೪೮ರಲ್ಲಿ ಕೂಡಿದ ಪಾರ್ಲಿಮೆಂಟಿನ ಸಮಿತಿಯ ವರದಿ, ೧೮೮೪ರಲ್ಲಿ ಪ್ರಕಟವಾದ ಧಾರವಾಡದ ಗೆಜೆಟಿಯರು ಇವೆಲ್ಲವೂ ಈ ಹತ್ತಿಯ ಕಥೆಯ ಮುಖ್ಯ ಆಧಾರಗಳು. ಅವುಗಳನ್ನು ಬರೆದವರಿಗೆ ಹತ್ತಿಯು ಎಷ್ಟು ಬೆಳೆಯಿತು, ಎಂಥದು ಬೆಳೆಯಿತು ಎಂಬುದು ಬೇಕಾಗಿತ್ತು. ಯಾರು ಬೆಳೆದರೆಂಬುದು ಬೇಕಾಗಿರಲಿಲ್ಲ.

೪

ಯಾರು ಬೆಳೆದರೆಂಬುದು ಬೇಕಾಗಿದ್ದವನು ಕಂದಾಯವನ್ನು ಎತ್ತುವ ಅಧಿಕಾರಿ. ಕುಸುಗಲ್ಲಿನ ಪ್ರಯೋಗವು ನಡೆದ ದಶಕದಲ್ಲಿಯೇ ವಿಂಗೇಟನ ಮೇಲ್ವಿಚಾರಣೆಯಲ್ಲಿ ಧಾರವಾಡ ಪ್ರಾಂತದ ಭೂಮಾಪನೆಯೂ ನಡೆಯಿತು. ಪ್ರತಿಯೊಂದು ಹೊಲಕ್ಕೂ ಸರ್ವೇ ನಂಬರು, ಎಕರೆ ಗುಂಟೆಗಳ ವಿಸ್ತೀರ್ಣ, ಆಕಾರ, ಖಾತೆದಾರನ ಹೆಸರು ಇವು ಗೊತ್ತಾದವು. ಆದುದರಿಂದ ಸುಳ್ಳದಂತಹ ಊರಿನ ಮನೆತನವನ್ನು ಶೋಧಿಸುವವರು ಇಂದಿನ ಪಹಣಿಪತ್ರಿಕೆಯಿಂದ ಹಿಂದಕ್ಕೆ ಹೊರಟು, ೧೯೦೩ರ ಕಾಯಿದೆಯಿಂದ ಆರಂಭವಾದ ಹಕ್ಕುಗಳ ದಾಖಲೆ, ಆಕಾರಬಂದುಗಳ ಮೂಲಕ ಮೊದಲ ಮಾಪನೆಯ ಖಾತೆದಾರನವರೆಗೆ ಹೋಗುವುದು ಸಾಧ್ಯ. ಮನುಷ್ಯರ ಹೆಸರು ಮಾರ್ಪಟ್ಟರೂ ಹೊಲದ ನಂಬರು ನಿಲ್ಲುವುದರಿಂದ ಅದೇ ದಾರಿಗೆ ಸೂತ್ರವಾಗುತ್ತದೆ.

ಅದಕ್ಕಿಂತ ಹಿಂದಿನ ಕಾಲಕ್ಕೆ ಊರಿನ ಕುಲಕರ್ಣಿಯ ದಫ್ತರವೂ ವತನದಾರರ ಮನೆಯ ಕಾಗದಗಳೂ ಆಧಾರ. ಈ ಸೀಮೆಯು ಸವಣೂರಿನ ನವಾಬರು, ಪೇಶ್ವೆಯರು, ಹೈದರ ಟೀಪೂಗಳು, ಪಟವರ್ಧನರು ಇವರ ಕೈಗಳಲ್ಲಿ ಹೊರಳಾಡಿತು. ೧೮೧೭ರಲ್ಲಿ ಧಾರವಾಡವು ಪೇಶ್ವೆಯಿಂದ ಕಂಪನಿಗೆ ಬಂದಿತು. ಹಳೆಯ ಹುಬ್ಬಳ್ಳಿಯೂ ಅದರೊಡನೆ ಕೆಲವು ಹಳ್ಳಿಗಳೂ ೧೮೨೦ರಲ್ಲಿ ಸಾಂಗಲಿಯ ಪಟವರ್ಧನರಿಂದ ಬಂದವು. ಆದುದರಿಂದ ನೆರೆಹೊರೆಯ ಎರಡು ಊರುಗಳ ಹಳೆಯ ಕಾಗದಗಳು ಎರಡು ದಫ್ತರಗಳಲ್ಲಿ ಇರಬಹುದು. ಲೆಕ್ಕವು ಮೋಡಿ ಲಿಪಿಯ ಮರಾಠಿಯಲ್ಲಿದ್ದರೆ ತೇದಿಯನ್ನು ಅರಬ್ಬಿಯ ಸಂಖ್ಯಾಶಬ್ದಗಳಲ್ಲಿ ಬರೆದಿರುವುದುಂಟು. 'ಇಹಿದೇ ಸಿತ್ತೈನ್ ಮಯಾ ವ ಅಲಫ್' ಎಂದರೆ ಒಂದು, ಅರುವತ್ತು, ನೂರು, ಸಾವಿರ, ಅಂದರೆ ಸುಹೂರ್ ಸನ್ ೧೧೬೧. ಇದಕ್ಕೆ ೫೯೯ನ್ನು ಕೂಡಿಸಿದರೆ ಕ್ರಿ. ಶ. ೧೭೬೦-೬೧, ಎಂದರೆ ಪಾಣಿಪತ್ತಿನ ಯುದ್ಧವಾದ ವರ್ಷ. ಫಸಲಿಗೆ ೫೯೦ನ್ನು ಕೂಡಿಸಬೇಕು. ಕುಸುಗಲ್ಲಿನ ಪ್ರಯೋಗವು ಮೊದಲಾದ ೧೮೪೨-೪೩ನೆಯ ವರ್ಷವು ಫಸಲಿ ೧೨೫೨. ಎರಡು ಸನ್ನುಗಳನ್ನು ಒಂದೇ ಎಂದು ಭಾವಿಸಿದರೆ ಒಂಬತ್ತು ವರ್ಷಗಳ ಅಂತರ ಬಿದ್ದು, ತಂದೆಯ ಖಾತೆಯು ಮಗನದೆನ್ನಿಸಿಕೊಳ್ಳುವ ಸಂಭವವಿದೆ.

ಹೆಸರುಗಳ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವ ಪದ್ಧತಿಯಿರುವುದರಿಂದ 'ಬಸಪ್ಪ ಬಿನ್ ವೀರಪ್ಪ' ಎಂಬಂತಹ ಹೆಸರು ಅರುವತ್ತು ವರ್ಷಗಳ ಅಂತರದಲ್ಲಿ ಎರಡು ಸಲ ಬಂದರೆ ಅವರಿಬ್ಬರೂ ಒಬ್ಬರೇ ಅಲ್ಲ, ಅಜ್ಜ ಮೊಮ್ಮಕ್ಕಳಾಗಿರಬಹುದು. ಅಡ್ಡಹೆಸರು ಇನ್ನೊಂದು ಬಗೆಯ ಸುಳಿವನ್ನು ಕೊಡುತ್ತದೆ. 'ಸುಳ್ಳದ' ಎಂಬ ಅಡ್ಡಹೆಸರಿನ ಮನೆತನವನ್ನು ಸುಳ್ಳದಲ್ಲಿ ಹುಡುಕುವುದಕ್ಕಿಂತ ಬೇರೆ ಊರಿನಲ್ಲಿ ಹುಡುಕುವುದು ಯುಕ್ತ. ತನ್ನ ಊರಿನಲ್ಲಿದ್ದವನನ್ನು ಆ ಊರಿನ ಹೆಸರಿನಿಂದ ಕರೆಯುವ ಕಾರಣವಿಲ್ಲ. ಊರನ್ನು ಬಿಟ್ಟು ಹೋದವನಿಗೇ ಆ ಹೆಸರು ಅಂಟುವುದು. ಹೀಗೆ ಅಡ್ಡಹೆಸರು ವಲಸೆಯ ದಾಖಲೆಯಾಗುತ್ತದೆ.

ಇವುಗಳಿಗೆ ಹೊರತಾಗಿ ಕರ್ಣಾಟಕದ ಹಳ್ಳಿಗಳಿಗೆ ವಿಶಿಷ್ಟವಾದ ಆಧಾರವೆಂದರೆ ಹೆಳವರು. ಸುಗ್ಗಿಯ ಕಾಲದಲ್ಲಿ ಒಕ್ಕಲು ಮನೆಗಳಿಗೆ ಬಂದು, ಆ ಮನೆತನದ ಮೂಲದ ಊರು, ಬೆಡಗು, ತಲೆಮಾರುಗಳ ಹೆಸರು ಇವುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ಕಾಳುಕಡಿಗಳನ್ನು ಪಡೆದು ಹೋಗುವುದು ಅವರ ವೃತ್ತಿ. ಸರಕಾರಕ್ಕಾಗಿ ಬರೆಯದೆ ಮನೆತನಕ್ಕಾಗಿಯೇ ಬರೆದಿಟ್ಟ ಲೆಕ್ಕವಿದು. ಇದರಲ್ಲಿ ಹೊಗಳಿಕೆಯ ಅಂಶವು ಸೇರುವುದು ಸಹಜವಾದುದರಿಂದ ಸರ್ವೇ ಕಾಗದಗಳೊಡನೆ ತಾಳೆನೋಡಬೇಕು. ತಾಳೆಯಾದಲ್ಲಿ ಅದಕ್ಕಿಂತ ಬಲವಾದ ಪುರಾವೆ ಮತ್ತೊಂದು ದೊರೆಯುವುದು ಅಪರೂಪ.

೫

ವತನದಾರರ ವಂಶಾವಳಿಗಳನ್ನು ಇನ್ನೂ ಹೆಚ್ಚಿನ ವಿಮರ್ಶೆಯಿಂದ ಓದಬೇಕು. ೧೮೫೨ರ ಹನ್ನೊಂದನೆಯ ಕಾಯಿದೆಯ ಮೇರೆಗೆ ಇನಾಮ್ ಕಮಿಷನ್ನಿನವರು ಸನದುಗಳನ್ನು ವಿಚಾರಿಸಿದಾಗ, ವಂಶವನ್ನು ಸಿದ್ಧಪಡಿಸದವನು ಇನಾಮು ಭೂಮಿಯನ್ನು ಕಳೆದುಕೊಳ್ಳುವ ಸಂಭವವಿದ್ದಿತು. ಅಂತಹ ಸಂಕಟದಲ್ಲಿ ಹಾಜರುಪಡಿಸಿದ ವಂಶವೃಕ್ಷದಲ್ಲಿ ದತ್ತಕನು ಔರಸನಾಗಿರಬಹುದು, ಬೇರೆಯಾದ ಅಣ್ಣತಮ್ಮಂದಿರ ಕವಲುಗಳು ಬಿಟ್ಟುಹೋಗಿರಬಹುದು. ಆ ಕಾಗದವನ್ನು ಸುಳ್ಳೆಂದು ತಳ್ಳುವುದೂ ನಿಜವೆಂದು ಹಾಗೆಯೇ ಒಪ್ಪುವುದೂ ಎರಡೂ ತಪ್ಪು. ಅದು ಹಕ್ಕಿಗಾಗಿ ಬರೆದ ಕಾಗದವೆಂಬುದನ್ನು ನೆನೆದು ಓದಿದರೆ ಸಾಕು.

ಖಾತೆದಾರನ ಹೆಸರು ದೊರೆತ ಮಾತ್ರಕ್ಕೆ ಹೊಲದ ಇತಿಹಾಸವು ಪೂರ್ಣವಾಗದು. ಲಾವಣಿಗೆ ಮಾಡಿದವನೂ ಕೂಲಿಯವನೂ ಜೀತದವನೂ ಮೊದಲ ಸರ್ವೇ ಪುಸ್ತಕಗಳಲ್ಲಿ ಕಾಣಿಸಿಕೊಳ್ಳುವುದು ವಿರಳ. ಹತ್ತಿ ಬಿಡಿಸಿ ಬೀಜ ಬೇರ್ಪಡಿಸಿದ ಹೆಂಗಸು, ಗಂಡನು ಸತ್ತು ಖಾತೆಯು ತನ್ನ ಮೇಲೆ ಬಂದಾಗ ಮಾತ್ರ, 'ಕೋಂ' ಎಂಬ ಅಕ್ಷರದ ಹಿಂದೆ ಹೆಸರುಳ್ಳವಳಾಗುತ್ತಾಳೆ. ಉಳುವವನನ್ನೇ ಒಡೆಯನನ್ನಾಗಿ ಮಾಡಿದ ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಅನೇಕ ಗೇಣಿದಾರ ಮನೆತನಗಳು ಮೊದಲ ಬಾರಿಗೆ ಮಾಲಿಕರ ಅಂಕಣಕ್ಕೆ ಬಂದವು. ಅಮೇರಿಕೆಯಲ್ಲಿ ೧೮೭೦ರ ಗಣತಿಗೆ ಇರುವ ಮಹತ್ವವು ಇಲ್ಲಿಯ ಅನೇಕ ಮನೆತನಗಳ ಪಾಲಿಗೆ ಆ ತಿದ್ದುಪಡಿಯ ಅರ್ಜಿಗಳಿಗೂ ಇದೆ. ಎರಡು ದೇಶಗಳ ವ್ಯವಸ್ಥೆಗಳು ಒಂದೇ ಆಗಿರಲಿಲ್ಲ. ಎರೆನೆಲದ ಒಕ್ಕಲಿಗನು ಗುಲಾಮನಲ್ಲ. ಆದರೆ ಭೂಮಿಯ ಮೇಲೆ ಹಕ್ಕುಳ್ಳವನ ಹೆಸರನ್ನೇ ಕಾಗದವು ಹಿಡಿದಿಡುತ್ತದೆಂಬ ನಿಯಮವು ಎರಡೂ ಕಡೆಗಳಿಗೆ ಸಮಾನ.

ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿದ ೧೯೫೦ರ ಮುಂಬಯಿ ಕಾಯಿದೆಯ ತರುವಾಯ, ಮನೆಗಳಲ್ಲಿ ಉಳಿದುಕೊಂಡ ಹಳೆಯ ದಫ್ತರಗಳನ್ನು ಕಾಯುವ ಹೊಣೆಯು ಯಾರದೂ ಆಗಿ ಉಳಿಯಲಿಲ್ಲ. ಮೋಡಿಯನ್ನು ಓದಬಲ್ಲವರು ಕಡಿಮೆಯಾಗಿದ್ದಾರೆ. ಮಹಡಿಯ ಮೇಲಿನ ಗಂಟುಗಳಿಗೆ ಗೆದ್ದಲೂ ಮಳೆಯೂ ಶತ್ರುಗಳು. ಇಂತಹ ಕಡತಗಳನ್ನು ಊರೂರಿಗೆ ಹುಡುಕಿ, ಪ್ರತಿ ತೆಗೆದು, ಹೆಳವರ ಪುಸ್ತಕಗಳೊಡನೆ ಹೋಲಿಸಿ, ಸರ್ವೇ ನಂಬರುಗಳ ಅನುಕ್ರಮದಲ್ಲಿ ಜೋಡಿಸಿದರೆ, ಮರ್ಸರನಿಗಿಂತ ಚೆನ್ನಾಗಿ ಬೆಳೆಯಬಲ್ಲವರೆಂದು ಅವನಿಂದಲೇ ಹೇಳಿಸಿಕೊಂಡ ಆ ಒಕ್ಕಲಿಗರಲ್ಲಿ ಕೆಲವರ ಹೆಸರಾದರೂ ಅವರ ಹೊಲಗಳೊಡನೆ ಬೆಳಕಿಗೆ ಬರುವುದು. ಧಾರವಾಡ ಪ್ರಾಂತದ ವಿದ್ವಾಂಸರೂ ಶಾಲೆಗಳ ಉಪಾಧ್ಯಾಯರೂ ತಮ್ಮ ತಮ್ಮ ಊರುಗಳಿಂದಲೇ ಈ ಕಾರ್ಯವನ್ನು ಆರಂಭಿಸಬಹುದಾಗಿದೆ.