ಕುಂದಿನಿಂದ ಬಂದ ಗುಣ
ಸ್ಫಟಿಕದಲ್ಲಿ ಕುಂದಿರಬಾರದೆಂದು ನಾವು ಎಣಿಸುವುದು ಸಹಜ. ಆದರೆ ಕೆಲವೆಡೆ ಕುಂದೇ ಬಲವಾಗುವುದುಂಟು. ಕೆಲವು ಸ್ಫಟಿಕಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂದು 1880ರಲ್ಲಿ ಫ್ರಾನ್ಸಿನ ಕ್ಯೂರಿ ಸಹೋದರರು ಕಂಡರು. ವಿದ್ಯುದ್ಬಲಕ್ಕೊಳಪಟ್ಟರೆ ಅವು ತುಸು ಹಿಗ್ಗುವುವು, ಇಲ್ಲವೆ ಕುಗ್ಗುವುವು ಎಂಬುದನ್ನು ಮರುವರ್ಷ ತೋರಿಸಿಕೊಟ್ಟರು. ಗರ್ಭಸ್ಥ ಶಿಶುವನ್ನು ಕಾಣಿಸುವ ಸ್ಕ್ಯಾನಿಂಗ್ ಯಂತ್ರಕ್ಕೆ ಈ ಗುಣವೇ ಆಧಾರ. ಆದರೆ ಇಂಥ ಉಪಕರಣಗಳಲ್ಲಿ ಬಹುವಾಗಿ ಬಳಸುವ ದ್ರವ್ಯದ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಇರುವುದು ಸೀಸ, ಅದು ವಿಷ.

ಸೀಸವಿಲ್ಲದ ಸೋಡಿಯಂ ನಿಯೋಬೇಟಿನ ತೆಳುಪೊರೆಯೊಂದನ್ನು ಸಿಂಗಪುರದ ವಿಜ್ಞಾನಿಗಳೂ ಅವರ ಸಹಕಾರಿಗಳೂ 2020ರಲ್ಲಿ ಪ್ರಕಟಪಡಿಸಿದರು. ಅದರಲ್ಲಿ ಸೋಡಿಯಂ ಕಡಮೆಯಾಗಲು, ಪರಮಾಣುಗಳ ಸಾಲು ತಪ್ಪಿ ಅತಿಸೂಕ್ಷ್ಮ ಕಂಬಗಳು ಮೂಡಿದುವು. ಕಂಬಗಳ ಅಂಚಿನ ರಚನೆ ವಿದ್ಯುದ್ಬಲಕ್ಕೆ ಸುಲಭವಾಗಿ ಮಣಿದು, ಪೊರೆಯು ಒಂದು ವೋಲ್ಟಿಗೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನಷ್ಟು ಹಿಗ್ಗಿತು. ಕಣ್ಣಿಗೆ ಇದು ಶೂನ್ಯವೇ. ಸೀಸದ ದ್ರವ್ಯಕ್ಕಾದರೋ ಸರಿಸಾಟಿ. ಸೀಸದ ಹಂಗಿಲ್ಲದ ಉಪಕರಣಗಳಿಗೆ ಈ ಕುಂದು ದಾರಿಯಾಗಲೆಂದು ನಾವು ಹಾರೈಸುತ್ತೇವೆ.