ಎದುರುಮನೆ ಅಕ್ಕನ ಶುಗರ್ ಇಳಿದದ್ದು ಯಾವುದರಿಂದ?

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಶುಗರ್ ಮಾತ್ರೆಯ ಸ್ಟ್ರಿಪ್ ತೆರೆಯದೆ ಹಾಗೇ ಇತ್ತು. "ಬಿಟ್ಟು ಮೂರು ವಾರ ಆಯ್ತು ಕಣೇ. ಎದುರುಮನೆ ಅಕ್ಕಂಗೆ ಕಷಾಯದ ಪುಡಿಯಲ್ಲೇ 280 ಇದ್ದದ್ದು 190ಕ್ಕೆ ಇಳಿದಿದೆ. ನಂಗೂ ತಂದುಕೊಟ್ಟಿದ್ದಾರೆ" ಅಂದಳು.

ನಾನು ರೇಗಿದೆ. ಅಮ್ಮ ಮುಖ ತಿರುಗಿಸಿ ಒಬ್ಬಟ್ಟು ತಟ್ಟುತ್ತಾ ಕೂತಳು. "ಕಣ್ಣಾರೆ ರಿಪೋರ್ಟ್ ನೋಡಿದೀನಿ, ಅದೂ ಸುಳ್ಳಾ?" ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಪೋರ್ಟ್ ನಿಜವೇ ಆಗಿತ್ತು.

ರಾತ್ರಿ ಯೋಚಿಸಿದೆ. ಆಫೀಸಿನಲ್ಲಿ ನನ್ನ ಕೆಲಸವೇ ಡೇಟಾ ನೋಡುವುದು. ಆ್ಯಪ್‌ನ ಒಂದು ಬಟನ್ ಬಣ್ಣ ಬದಲಿಸಬೇಕಾದರೂ ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು ತೋರಿಸಿ ಹೋಲಿಸುತ್ತೇವೆ. ಬಟನ್‌ಗೆ ಕೊಡೋ ಮರ್ಯಾದೆ ಅಮ್ಮನ ಶುಗರ್‌ಗೆ ಬೇಡವಾ?

ಬರೀ ವಿಶ್ರಾಂತಿಯಲ್ಲೂ ಸುಧಾರಣೆ

ಈ ಉಪಾಯ ಆ್ಯಪ್‌ಗಳಿಗಿಂತ ಎಷ್ಟೋ ಹಳೆಯದು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿ, 1948ರಲ್ಲಿ ಫಲಿತಾಂಶ ಪ್ರಕಟಿಸಿತು. ರೋಗಿಗಳು 107. ಅವರಲ್ಲಿ 55 ಮಂದಿಗೆ ಔಷಧದ ಜೊತೆ ಹಾಸಿಗೆ ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಎಲ್ಲರಿಗೂ ಕೊಡುವಷ್ಟು ಔಷಧ ಆಗ ಇರಲಿಲ್ಲ. ಯಾರು ಯಾವ ಗುಂಪಿಗೆ ಅನ್ನೋದನ್ನು ವೈದ್ಯರು ಆರಿಸಲಿಲ್ಲ, ಮುಚ್ಚಿದ ಲಕೋಟೆಯೊಳಗಿನ ಚೀಟಿ ಹೇಳಿತು. ವೈದ್ಯರೇ ಆರಿಸಿದ್ದರೆ ಸ್ವಲ್ಪ ಗಟ್ಟಿಯಾಗಿದ್ದವರೇ ಔಷಧದ ಕಡೆ ಸೇರಿಬಿಡುವ ಸಾಧ್ಯತೆ ಇತ್ತು. ಎಕ್ಸ್‌ರೇ ಪರಿಶೀಲಿಸಿದವರಿಗೂ ಅದು ಯಾವ ಗುಂಪಿನವರದ್ದು ಅಂತ ಗೊತ್ತಿರಲಿಲ್ಲ.

ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ 4 ಸಾವು, ಇನ್ನೊಂದರಲ್ಲಿ 14. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಖ್ಯೆ ಬೇರೆ. ಬರೀ ವಿಶ್ರಾಂತಿ ಪಡೆದ 52 ಜನರಲ್ಲಿ 17 ಮಂದಿಯ ಎಕ್ಸ್‌ರೇ ಕೂಡ ಅಷ್ಟೋ ಇಷ್ಟೋ ಸುಧಾರಿಸಿತ್ತು. ಅವರಿಗೆ ಯಾರಾದರೂ ಒಂದು ಪುಡಿ ಕೊಟ್ಟಿದ್ದರೆ ಹೊಗಳಿಕೆಯೆಲ್ಲ ಪುಡಿಗೇ ಹೋಗುತ್ತಿತ್ತು!

ನಮ್ಮ ಪಕ್ಕದ ಮದ್ರಾಸಿನಲ್ಲೂ 1956ರಲ್ಲಿ ಇಂಥದ್ದೇ ಅಧ್ಯಯನ ಶುರುವಾಯಿತು. ಕ್ಷಯಕ್ಕೆ ಸ್ಯಾನಟೋರಿಯಂ ವಾಸ, ಒಳ್ಳೆ ಊಟ ಬೇಕೇ ಬೇಕು ಅನ್ನೋದು ಆಗಿನ ನಂಬಿಕೆ. ರೋಗಿಗಳನ್ನು ಚೀಟಿ ಎತ್ತಿದಂತೆ ಹಂಚಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ, ಕೆಲವರಿಗೆ ಮನೆಯಲ್ಲೇ ಒಂದು ವರ್ಷ ಅದೇ ಔಷಧ ಕೊಟ್ಟರು. ಬಡ ಮನೆಗಳಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಹೋಲಿಸದೇ ಇದ್ದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ಬೆಳಗ್ಗೆ ಕಾಫಿ ಹೊತ್ತಿಗೆ

ಈ ಸಲ ರೇಗಲಿಲ್ಲ, ಕೇಳಿದೆ.

"ಅವರಿಗೆ 280 ಬಂದದ್ದು ಯಾವಾಗಮ್ಮ?"

"ಮೊಮ್ಮಗನ ನಾಮಕರಣ ಮುಗಿದ ವಾರ."

"ಆಮೇಲೆ ಸ್ವೀಟ್ ಬಿಟ್ರಾ?"

"ಹೂಂ. ವಾಕಿಂಗೂ ಹೋಗ್ತಾರೆ."

"ಮಾತ್ರೆ?"

ಅಮ್ಮ ಲೋಟ ಕೆಳಗಿಟ್ಟಳು. "ಅವರು ಬಿಟ್ಟಿಲ್ಲ."

ಶುಗರ್ ಅತಿ ಹೆಚ್ಚಿದ್ದ ದಿನದ ಲೆಕ್ಕ ಹಿಡಿದರೆ, ಮುಂದಿನ ಲೆಕ್ಕ ಸಾಮಾನ್ಯವಾಗಿ ಕೆಳಗೇ ಬರುತ್ತೆ. ಜೊತೆಗೆ ಪಥ್ಯ, ನಡಿಗೆ, ಮಾತ್ರೆ. ಪುಡಿ ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಮಾಡುತ್ತೋ ಇಲ್ವೋ ಅನ್ನೋದು ಒಬ್ಬರ ರಿಪೋರ್ಟ್‌ನಿಂದ ಗೊತ್ತಾಗಲ್ಲ, ಅಷ್ಟೇ.

ಅವತ್ತೇ ಟೆಸ್ಟ್ ಮಾಡಿಸಿದ್ವಿ. ಖಾಲಿಹೊಟ್ಟೆಯಲ್ಲಿ 242. ಅದರಲ್ಲಿ ಹಿಂದಿನ ದಿನದ ಒಬ್ಬಟ್ಟಿನ ಪಾಲೂ ಇದ್ದೀತು, ಒಂದು ರೀಡಿಂಗ್ ಹಿಡಿದು ನಾನೂ ತೀರ್ಪು ಕೊಡಬಾರದಲ್ಲ. ಡಾಕ್ಟರ್ ಮಾತ್ರೆ ಮತ್ತೆ ಶುರುಮಾಡಿಸಿದರು. "ಏನೇ ಬಿಡೋದಿದ್ರೂ ನನ್ನನ್ನ ಕೇಳಿ ಬಿಡಿ" ಅಂದರು.

ನಿಮ್ಮ ಮನೆಯ ಗ್ರೂಪಿಗೂ ಇಂಥ ಮೆಸೇಜ್ ಬರುತ್ತಿರಬಹುದು. ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ಜನರಲ್ಲಿ ನೋಡಿದ್ದು? ಯಾರಿಗೆ ಹೋಲಿಸಿದ್ದು? ಗುಂಪು ಹಂಚಿದ್ದು ಹೇಗೆ?

ನಮ್ಮ ಗ್ರೂಪಿನಲ್ಲಿ ಈಗ ಆ ಕೆಲಸ ಅಮ್ಮನದ್ದು. ಮೊನ್ನೆ ಚಿಕ್ಕಪ್ಪ ಮಂಡಿನೋವಿನ ಎಣ್ಣೆ ಬಗ್ಗೆ ಹಾಕಿದಾಗ ಅವಳ ವಾಯ್ಸ್ ಮೆಸೇಜ್ ಬಂತು: "ಹಚ್ಚಿಕೊಳ್ಳದೇ ಇದ್ದವರಿಗೆ ಏನಾಯ್ತಂತೆ, ಅದನ್ನೂ ಹೇಳು."