ಮಾಮಾನ ಹೊಸ ಕೀಬೋರ್ಡ್

"ನೀ ಇಂಜಿನಿಯರ್ ಅದಿ, ಯಾವ ಕೀಬೋರ್ಡ್ ತಗೊಳ್ಳಲಿ ಹೇಳೋ" ಅಂತ ಶಹಾಪುರದಿಂದ ಸೋದರಮಾವ ಫೋನ್ ಮಾಡಿದರು. ಸುರಪುರ, ಯಾದಗಿರಿ ಕಡೆ ಮದುವೆ ಆರ್ಕೆಸ್ಟ್ರಾದಲ್ಲಿ ನುಡಿಸೋರು. ಸಾಲ ಮಾಡಿಯಾದರೂ ಯಮಹಾ ಪಿಎಸ್‌ಆರ್-ಎಸ್‌ಎಕ್ಸ್900 ತಗೊಳ್ಳೋ ಆಸೆ.

ಅದನ್ನ ಅಗ್ಗದ ಎಸ್‌ಎಕ್ಸ್600 ಜೊತೆ ಹೋಲಿಸಿದೆ. 900ರಲ್ಲಿ ಟಚ್‌ಸ್ಕ್ರೀನ್, ಮೈಕ್ ಇನ್‌ಪುಟ್ ಇವೆ; ತೂಕ 11.5 ಕೆಜಿ. 600ರಲ್ಲಿ ಅವೆರಡೂ ಇಲ್ಲ, ತೂಕ 8.1 ಕೆಜಿ.

"ಸ್ಟೇಜ್ ಮ್ಯಾಲ ನಿಮಗ ತ್ರಾಸ ಆಗೋದು ಯಾವಾಗ, ಮಾಮಾ?"

"ಹಾಡೋರು ಒಮ್ಮೆಲೆ ಶ್ರುತಿ ಇಳಿಸ್ರಿ ಅಂದಾಗ. ಆಮ್ಯಾಲ ಕರೆಂಟ್ ಹೋದಾಗ."

ಟೋನ್, ರಿದಂ, ಟೆಂಪೊ, ಟ್ರಾನ್ಸ್‌ಪೋಸ್ ಸೇವ್ ಮಾಡಿಟ್ಟು ಒಂದೇ ಬಟನ್‌ನಲ್ಲಿ ತರೋ ಸೌಲಭ್ಯ ಎರಡರಲ್ಲೂ ಇದೆ. ಬ್ಯಾಟರಿ ಮೇಲೆ ಎರಡೂ ನಡೆಯಲ್ಲ. ಹಾಡೋರ ಮೈಕ್ ಹೇಗೂ ಮಿಕ್ಸರ್‌ಗೆ ಹೋಗುತ್ತೆ.

ಮಾಮಾ 600 ತಗೊಂಡರು, ಜೊತೆಗೊಂದು ಸಣ್ಣ ಯುಪಿಎಸ್. ಸಾಲ ತಪ್ಪಿತು. ನೀವೂ ಅಂಗಡಿಗೆ ಹೋಗೋ ಮುಂಚೆ, ಸ್ಟೇಜ್ ಮೇಲೆ ನಿಮಗಾಗೋ ತೊಂದರೆಗಳನ್ನ ಬರೆದಿಟ್ಟುಕೊಳ್ಳಿ.